ಮಾರನಕೆರೆಯಲ್ಲಿ ಬಿಟ್ಟ ಬಲೆ

ಮಾರನಕೆರೆಗೆ ತೆಪ್ಪ ಇಳಿಸುವ ಮೊದಲು ಅನುಷಾ ಚಿಕ್ಕಪ್ಪನ ಅಂಗಿ ಬಿಚ್ಚಿಸಿದಳು.

ಕಾಳಯ್ಯ ಆ ದಿನಕ್ಕೆಂದೇ ಇಸ್ತ್ರಿ ಮಾಡಿಸಿದ ನೀಲಿ ಪಾಲಿಯೆಸ್ಟರ್ ಅಂಗಿ ತೊಟ್ಟು ಬಂದಿದ್ದ. ಅಣ್ಣನ ಮಗಳು ರಾಮನಗರದ ಕಾಲೇಜಿನಿಂದ ಕೆರೆ ನೀರು ಪರೀಕ್ಷೆ ಮಾಡಲು ಬರುತ್ತಾಳೆ, ಜೊತೆಗೆ ಇನ್ನೊಬ್ಬ ಮೇಡಂ ಬರುತ್ತಾರೆ, ಫೋಟೊ ತೆಗೆಯುತ್ತಾರೆ ಎಂದು ಅವನಿಗೆ ಗೊತ್ತಿತ್ತು.

“ಬರೀ ಮೈಯಲ್ಲಿ ಫೋಟೊಕ್ಕೆ ನಿಂತ್ಕಳದಾ?” ಎಂದ.

“ಈ ಬಟ್ಟೆಯಿಂದ ಎಳೆ ಉದುರ್ತವೆ ಚಿಕ್ಕಪ್ಪ. ಕಣ್ಣಿಗೆ ಕಾಣಕಿಲ್ಲ, ಆದ್ರೆ ಅದೂ ಪ್ಲಾಸ್ಟಿಕ್ಕೇ. ಆಮೇಲೆ ಬಲೇಲಿ ಸಿಕ್ಕಿದ್ದು ಕೆರೇದೋ ನಿನ್ನ ಅಂಗೀದೋ ಅಂತ ನಂಗೆ ತಿಳಿಯಕಿಲ್ಲ.” ಅವಳು ಚೀಲದಿಂದ ಹಳೆಯ ಹತ್ತಿ ಜುಬ್ಬವೊಂದನ್ನು ತೆಗೆದುಕೊಟ್ಟಳು. ಅದು ಅವನ ಮೊಣಕಾಲು ಮುಟ್ಟುತ್ತಿತ್ತು. ಏರಿಯ ಮೇಲೆ ಗಾಜಿನ ಬಾಟಲಿಗಳನ್ನು ಜೋಡಿಸುತ್ತಿದ್ದ ನಿಖಾತ್ ನಗು ತಡೆದುಕೊಂಡು ಆ ಕಡೆ ತಿರುಗಿದಳು.

ನಿಖಾತ್ ಮತ್ತು ಅನುಷಾ ಒಂದೇ ಪ್ರಾಜೆಕ್ಟಿನಲ್ಲಿ ಕೆಲಸಕ್ಕಿದ್ದವರು. ನಾಲ್ಕು ತಾಲ್ಲೂಕುಗಳ ಕೆರೆಗಳಲ್ಲಿ ಪ್ಲಾಸ್ಟಿಕ್ಕಿನ ಪುಡಿ ಎಷ್ಟಿದೆ ಎಂದು ಅಳೆಯುವುದು ಅವರ ಕೆಲಸ. ಅವರೆ ಕಾಳಿನಷ್ಟು ದೊಡ್ಡದನ್ನು ಯಾರು ಬೇಕಾದರೂ ನೋಡಬಹುದು. ಇವರಿಗೆ ಬೇಕಾದದ್ದು ಸಾಸಿವೆಗಿಂತ ಚಿಕ್ಕದು, ಎಳೆಯಾದರೆ ಕೂದಲಿಗಿಂತ ತೆಳು. ಮಾಗಡಿ ಕಡೆಯದು ಮುಗಿದಿತ್ತು, ಚನ್ನಪಟ್ಟಣದ್ದೂ ಮುಗಿದಿತ್ತು. ಕನಕಪುರ ತಾಲ್ಲೂಕಿನಲ್ಲಿ ಈ ಕೆರೆಯೊಂದನ್ನು ಅನುಷಾ ಏನಾದರೊಂದು ನೆಪ ಹೇಳಿ ಮುಂದೂಡುತ್ತಲೇ ಬಂದಿದ್ದಳು. ಇದು ಅವಳ ಊರಿನ ಕೆರೆ. ಕಬ್ಬಾಳಿಗೆ ಹತ್ತಿರ, ಏರಿಯ ಮೇಲೆ ನಿಂತರೆ ದುರ್ಗದ ಬಂಡೆ ಎದುರಿಗೇ ಎದ್ದು ನಿಲ್ಲುತ್ತದೆ.

ಅವಳ ಅಪ್ಪ ಲಕ್ಷ್ಮಯ್ಯ ಸತ್ತದ್ದು ಈ ಕೆರೆಯ ಆಚೆ ದಡದ ರಾಗಿ ಹೊಲದಲ್ಲಿ. ಮೂರು ವರ್ಷದ ಹಿಂದೆ ಮಂಜು ಬಿದ್ದ ಒಂದು ಬೆಳಗ್ಗೆ ಕುರಿಗೆ ಸೊಪ್ಪು ತರಲು ಹೋದವನಿಗೆ ಆನೆ ಎದುರಾಗಿತ್ತು. ಹುಡುಕಿಕೊಂಡು ಹೋಗಿ ಮೊದಲು ಕಂಡವನು ಕಾಳಯ್ಯ. ಏನು ಕಂಡೆ ಎಂದು ಅವನು ಈವರೆಗೆ ಯಾರಿಗೂ ಹೇಳಿಲ್ಲ. ಆಮೇಲೆ ಅನುಷಾ ರಾಮನಗರದಲ್ಲಿ ರೂಮು ಮಾಡಿಕೊಂಡಳು. ಊರಿಗೆ ಬಂದರೆ ಹಗಲು ಬಸ್ಸಿಗೆ ಬಂದು ಹಗಲು ಬಸ್ಸಿಗೇ ಹೋಗುತ್ತಿದ್ದಳು. ಬಸ್ಸಿನ ಕಿಟಕಿಯಿಂದ ಕಪ್ಪು ಬಂಡೆ ಕಂಡರೂ ಅದು ಅಲುಗಾಡುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಕಣ್ಣು ತೆಗೆಯುತ್ತಿರಲಿಲ್ಲ.

“ಆನೆ ಮೆಸೇಜ್ ನೋಡಿದ್ಯಾ?” ಎಂದು ನಿಖಾತಳನ್ನು ಮತ್ತೆ ಕೇಳಿದಳು.

“ಆಗಲೇ ಎರಡು ಸಲ ನೋಡಿದೆ ಅನು. ಹಿಂಡು ಕಾಡಿಗೆ ಸೇರಿದೆ ಅಂತ ಫಾರೆಸ್ಟ್ ವಾಚರ್ ಗ್ರೂಪಲ್ಲಿ ಹಾಕಿದಾರೆ.”

ಅನುಷಾ ತೆಪ್ಪ ಹತ್ತಿದಳು. ಬಿದಿರಿನ ದುಂಡು ಬುಟ್ಟಿಗೆ ಗೊಬ್ಬರದ ಚೀಲ ಹೊಲಿದು ಟಾರು ಬಳಿದ ತೆಪ್ಪ ಅದು. ತಳ ಸವೆದು ಅಲ್ಲಲ್ಲಿ ಬಿಳಿ ಪ್ಲಾಸ್ಟಿಕ್ ದಾರ ಎದ್ದಿತ್ತು. ಹಾಗಾಗಿ ಬಲೆಯನ್ನು ತೆಪ್ಪದ ಹತ್ತಿರ ಬಿಡುವಂತಿರಲಿಲ್ಲ. ಉದ್ದನೆಯ ಬಿದಿರು ಗಳವೊಂದನ್ನು ಅಂಚಿಗೆ ಬಿಗಿದು, ಅದರ ತುದಿಯಿಂದ ಹಾಯಿಸಿದ ಹಗ್ಗಕ್ಕೆ ಬಲೆ ಕಟ್ಟಿ, ಹಗ್ಗದ ಈಚೆ ಕೊನೆಯನ್ನು ತೆಪ್ಪದ ಅಂಚಿಗೆ ಗಂಟು ಹಾಕಿದ್ದಳು. ಬಲೆಯ ಬಾಯಿ ಚೌಕನೆಯ ಕಬ್ಬಿಣದ ಪೆಟ್ಟಿಗೆ, ಅದರ ಎರಡು ಕಡೆ ಹಳದಿ ಬಣ್ಣದ ತೇಲುಗುಂಡು. ಹಿಂದೆ ಜರಡಿ ಬಟ್ಟೆ ಉದ್ದಕ್ಕೆ ಲಂಗದಂತೆ ಹರಡಿ, ಕಿರಿದಾಗುತ್ತ ಹೋಗಿ ಕೊನೆಗೆ ಒಂದು ಡಬ್ಬಿಗೆ ಸೇರುತ್ತಿತ್ತು. ನೀರು ಹಾದು ಹೋಗುತ್ತದೆ, ಅದರಲ್ಲಿ ತೇಲುವುದು ಡಬ್ಬಿಯಲ್ಲಿ ಉಳಿಯುತ್ತದೆ. ಎಷ್ಟು ನೀರು ಹಾದಿತೆಂದು ಲೆಕ್ಕ ಹಿಡಿಯಲು ಪೆಟ್ಟಿಗೆಯ ಬಾಯಲ್ಲಿ ಹೆಬ್ಬೆರಳು ಗಾತ್ರದ ಒಂದು ಪಂಖ ತಿರುಗುತ್ತಿತ್ತು.

ತೂಬಿನ ಹತ್ತಿರ ಬಲೆ ಬಿಡುವ ಮೊದಲು ಅವಳು ಲೈಫ್ ಜಾಕೆಟ್ ಬಿಚ್ಚಿ ಚೀಲಕ್ಕೆ ತುರುಕಿದಳು.

“ಅದ್ಯಾಕವ್ವ ಬಿಚ್ತೀಯ? ಈಜು ಬರಕಿಲ್ಲ ನಿಂಗೆ,” ಎಂದ ಕಾಳಯ್ಯ.

“ಇದರ ನೂಲು ಮುಟ್ಟಿದ್ರೆ ಉದುರ್ತದೆ. ಬಲೆ ಎಳೆಯೋಗಂಟ ಅಷ್ಟೆ. ನೀನಿದ್ದೀಯಲ್ಲ.”

ಕಾಳಯ್ಯ ಹುಟ್ಟು ಹಾಕಿದ. ಮೊದಲ ಸಲ ತೂಬಿನ ಕಡೆಯಿಂದ ಕೆರೆ ನಡುವಿನವರೆಗೆ ಬಲೆ ಎಳೆದರು. ಅನುಷಾ ಬಲೆ ಎತ್ತಿ ಹೊರಗಡೆಯಿಂದ ನೀರು ಎರಚಿ ತೊಳೆದು, ಡಬ್ಬಿಯಲ್ಲಿದ್ದುದನ್ನು ಗಾಜಿನ ಜಾಡಿಗೆ ಬಗ್ಗಿಸಿ ಮುಚ್ಚಳ ಹಾಕಿದಳು. ಜಾಡಿಯಲ್ಲಿ ಪಾಚಿ, ನೀರಹುಳು, ಒಂದು ಬೇವಿನೆಲೆ. ಅದರ ನಡುವೆ ಬಿಸಿಲಿಗೆ ಏನೋ ಮಿಣುಕಿ ಮರೆಯಾಯಿತು. ಎರಡನೇ ಸಲಕ್ಕೆ ಬಲೆ ಬಿಟ್ಟರು. ಗಾಳಿ ಏರಿಯ ಕಡೆಯಿಂದ ಆಚೆ ದಡಕ್ಕೆ ಬೀಸುತ್ತಿತ್ತು. ಹುಟ್ಟು ಹಾಕದಿದ್ದರೂ ತೆಪ್ಪ ತಾನೇ ಸಾಗುತ್ತಿತ್ತು.

ಆಗ ಆಚೆ ದಡದ ನೀಲಗಿರಿ ತೋಪಿನ ಹಿಂದೆ ಪಟಾಕಿ ಸಿಡಿಯಿತು.

ಒಂದು ಸಿಡಿದು ಸುಮ್ಮನಾಯಿತು. ಆಮೇಲೆ ಒಟ್ಟಿಗೇ ಹಲವು ಸಿಡಿದವು, ಜನ ಕೂಗುವ ಸದ್ದು ಕೇಳಿತು. ಕಾಳಯ್ಯನ ಕೈಯ ಹುಟ್ಟು ನೀರಿನ ಮೇಲೇ ನಿಂತುಬಿಟ್ಟಿತು. ಏನೆಂದು ಅನುಷಾ ಕೇಳಲಿಲ್ಲ. ಈ ಭಾಗದಲ್ಲಿ ಹಗಲು ಹೊತ್ತು ಹಾಗೆ ಪಟಾಕಿ ಹೊಡೆಯುವುದು ಯಾತಕ್ಕೆಂದು ಹುಟ್ಟಿದ ಕೂಸಿಗೂ ಗೊತ್ತು.

ಮೊದಲು ಮರಗಳ ನಡುವೆ ಧೂಳು ಕಂಡಿತು. ಆಮೇಲೆ ಬೂದು ಬೆನ್ನು ಒಂದು, ಅದರ ಪಕ್ಕ ಇನ್ನೊಂದು. ಐದಾರು ಆನೆಗಳು ದಡದ ಕೆಸರಿಗೆ ಓಡಿ ಬಂದು, ನಿಲ್ಲದೆ ಕೆರೆಗೇ ಇಳಿದವು. ಮುಂದೆ ದೊಡ್ಡ ಹೆಣ್ಣಾನೆ, ಅದರ ಹೊಟ್ಟೆಗಂಟಿಕೊಂಡು ಮರಿ. ನೀರು ಒಡೆದು ಎರಡು ಕಡೆ ಅಲೆ ಎದ್ದಿತು. ಸ್ವಲ್ಪ ಹೊತ್ತಿಗೆ ಆ ಅಲೆ ತೆಪ್ಪದವರೆಗೂ ಬಂದು ಅದನ್ನು ಎತ್ತಿ ಇಳಿಸಿತು.

“ಚಿಕ್ಕಪ್ಪ, ತಿರುಗ್ಸು,” ಎಂದಳು ಅನುಷಾ.

ಕಾಳಯ್ಯ ಹುಟ್ಟನ್ನು ನೀರಿಗೆ ಒತ್ತಿ ಒಂದು ಸಲ ಎಳೆದ. ಸದ್ದಿಗೆ ಹೆಣ್ಣಾನೆ ತಟ್ಟನೆ ಇತ್ತ ತಿರುಗಿ ಕಿವಿ ಅಗಲಿಸಿ ಸೊಂಡಿಲು ಎತ್ತಿತು. ಅವನು ಹುಟ್ಟನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡ.

“ಸುಮ್ಕೆ ಕೂತ್ಕೊ. ನಾವು ಇಲ್ಲ ಅನ್ನೋ ಹಂಗೆ ಕೂತ್ಕೊ ಮಗ.”

ಹಿಂದೆ ಏರಿಯ ಮೇಲೆ ಜನ ಸೇರತೊಡಗಿದ್ದರು. ಬೈಕು ನಿಲ್ಲಿಸುವ ಸದ್ದು, ಶಿಳ್ಳೆ, ಎಲ್ಲರ ಕೈಯಲ್ಲೂ ಎತ್ತಿ ಹಿಡಿದ ಫೋನು. ಅವರ ನಡುವೆ ನಿಖಾತಳ ಬಿಳಿ ದುಪಟ್ಟಾ ಅತ್ತಿಂದಿತ್ತ ಓಡಾಡುವುದು ಕಾಣುತ್ತಿತ್ತು. ಎದುರಿಗೆ ಪಟಾಕಿಯವರು, ಹಿಂದೆ ಶಿಳ್ಳೆಯವರು. ಆನೆಗಳಿಗೆ ಎರಡು ಕಡೆಯೂ ದಾರಿ ಇಲ್ಲದೆ ಕೆರೆ ನಡುವೆ ಎದೆಮಟ್ಟದ ನೀರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತವು.

ಗಾಳಿ ಮಾತ್ರ ನಿಲ್ಲಲಿಲ್ಲ. ತೆಪ್ಪ ಮೆಲ್ಲಗೆ, ತೀರ ಮೆಲ್ಲಗೆ ಅವುಗಳ ಕಡೆಗೇ ಸರಿಯುತ್ತಿತ್ತು. ಅನುಷಾ ನೀರು ನೋಡಿದಳು. ಹಿಂದಕ್ಕೆ ಬಿಟ್ಟಿದ್ದ ಬಲೆಯ ಹಗ್ಗ ಬಿಗಿಯಾಗಿ ನಿಂತಿತ್ತು. ಬಲೆ ನೀರು ತುಂಬಿಕೊಂಡು ಭಾರವಾಗಿ ತೆಪ್ಪವನ್ನು ಹಿಂದಕ್ಕೆ ಹಿಡಿದಿತ್ತು. ಅದಿಲ್ಲದಿದ್ದರೆ ಇಷ್ಟು ಹೊತ್ತಿಗೆ ಗಾಳಿ ಇವರನ್ನು ಆನೆಗಳ ನಡುವೆಯೇ ತಳ್ಳಿಬಿಡುತ್ತಿತ್ತು.

ಪಂಖ ತಿರುಗುತ್ತಲೇ ಇರುತ್ತದೆ ಎಂಬ ಯೋಚನೆ ಅವಳಿಗೆ ಬಂತು. ಇಷ್ಟು ಹೊತ್ತು ಬಿಟ್ಟರೆ ಜರಡಿ ಕಟ್ಟಿಕೊಳ್ಳುತ್ತದೆ, ಲೆಕ್ಕ ಕೆಡುತ್ತದೆ. ಇಂಥ ಹೊತ್ತಿನಲ್ಲಿ ಲೆಕ್ಕದ ಯೋಚನೆ ಯಾಕೆ ಎಂದುಕೊಂಡರೂ ಮನಸ್ಸು ಅದನ್ನೇ ಹಿಡಿದುಕೊಂಡಿತು, ಯಾಕೆಂದರೆ ಬಿಟ್ಟರೆ ಬೇರೆಯದು ಬರುತ್ತಿತ್ತು. ಅಪ್ಪನ ಚಪ್ಪಲಿ. ಹೊಲದ ಬದುವಿನಲ್ಲಿ ಸಿಕ್ಕಿದ ಒಂದು ಕಾಲಿನದು. ಅದನ್ನು ಮಾತ್ರ ಅವಳಿಗೆ ತೋರಿಸಿದ್ದರು.

ಅವಳು ಕೂತಲ್ಲಿ ನೀರಿನ ಮೇಲೆ ಸಣ್ಣ ಸಣ್ಣ ಉಂಗುರದಂಥ ಅಲೆ ಎದ್ದು ಹೊರಕ್ಕೆ ಹರಡುತ್ತಿದ್ದವು. ಮೀನಿರಬೇಕು ಎಂದುಕೊಂಡಳು. ಆಮೇಲೆ ನೋಡಿದರೆ ತೆಪ್ಪವೇ ನಡುಗುತ್ತಿತ್ತು. ಕಾಳಯ್ಯನ ಮೊಣಕಾಲುಗಳು ಜುಬ್ಬದೊಳಗೆ ಅದುರುತ್ತಿದ್ದವು. ಅವನು ಎರಡೂ ಕೈಯಿಂದ ಅವನ್ನು ಅದುಮಿ ಹಿಡಿದುಕೊಂಡಿದ್ದ.

“ಚಿಕ್ಕಪ್ಪ.”

“ಏನೂ ಇಲ್ಲ. ಅದರ ಕಡೆ ನೋಡ್ಬ್ಯಾಡ. ನನ್ನ ನೋಡು.”

ಅವಳು ಅವನನ್ನು ನೋಡಿದಳು. ಆದರೆ ಅವನು ನೋಡುತ್ತಿದ್ದುದು ಅವಳ ಹೆಗಲಾಚೆಗೆ. ಅವನ ಕಣ್ಣು ಅಗಲವಾಗುತ್ತ ಹೋದದ್ದನ್ನು ಕಂಡು ಅವಳು ತಿರುಗಲೇಬೇಕಾಯಿತು.

ಮರಿಯಾನೆ ಹಿಂಡು ಬಿಟ್ಟು ಬಂದಿತ್ತು. ಸೊಂಡಿಲಿನ ತುದಿ ಮತ್ತು ನೆತ್ತಿಯ ಕೆಂಚು ಕೂದಲು ಮಾತ್ರ ಮೇಲೆ, ಉಳಿದದ್ದೆಲ್ಲ ನೀರಿನೊಳಗೆ. ಅದಕ್ಕೆ ಹಳದಿ ತೇಲುಗುಂಡು ಕಂಡಿತ್ತು. ಅದು ಸುತ್ತು ಹಾಕಿ ಬಲೆಯ ಹತ್ತಿರ ಹೋಯಿತು, ಗುಂಡನ್ನು ಮೂಸಿತು, ಮುಳುಗಿಸಿತು, ಅದು ಮೇಲೆ ಬಂದದ್ದಕ್ಕೆ ಮತ್ತೆ ಮುಳುಗಿಸಿತು. ಆಮೇಲೆ ಸೊಂಡಿಲಿಗೆ ಹಗ್ಗ ಸಿಕ್ಕಿತು.

ಗಳ ಕಿರುಗುಟ್ಟಿತು. ತೆಪ್ಪ ಗಿರಕ್ಕನೆ ಅರ್ಧ ಸುತ್ತು ತಿರುಗಿ ಒಂದು ಕಡೆಗೆ ವಾಲಿತು. ನೀರು ಒಳಗೆ ಬಂತು. ಕಾಳಯ್ಯ ಎದುರು ಅಂಚಿಗೆ ಮೈಯೆಲ್ಲ ಒರಗಿಸಿ ಭಾರ ಬಿಟ್ಟ. ಅವನು ಅಲ್ಲಿಂದ ಕದಲಿದರೆ ತೆಪ್ಪ ಮಗುಚುತ್ತಿತ್ತು. ಹಗ್ಗದ ಗಂಟು ಇದ್ದದ್ದು ಅನುಷಾಳ ಕಡೆ.

ಮರಿ ಎಳೆಯಿತು. ಅತ್ತ ಹೆಣ್ಣಾನೆಗೆ ಮರಿ ಪಕ್ಕದಲ್ಲಿಲ್ಲವೆಂದು ತಿಳಿಯಿತು. ಅದು ಕೂಗಲಿಲ್ಲ. ತಲೆ ತಗ್ಗಿಸಿ ಇವರ ಕಡೆಗೆ ಹೊರಟಿತು. ಅದರ ಎದೆ ನೀರನ್ನು ನೂಕಿಕೊಂಡು ಬರುವ ಸದ್ದು ಮಳೆ ಹತ್ತಿರವಾಗುವ ಸದ್ದಿನಂತಿತ್ತು.

“ಹಗ್ಗ ಬುಡು,” ಎಂದ ಕಾಳಯ್ಯ.

ಗಂಟು ನೆನೆದು ಕಲ್ಲಾಗಿತ್ತು. ಅವಳ ಬೆರಳು ಅದರ ಮೇಲೆ ಜಾರಿದವು. ಕಾಳಯ್ಯ ಕಾಲಿನಿಂದ ಏನನ್ನೋ ಅವಳ ಕಡೆಗೆ ತಳ್ಳಿದ. ಜೊಂಡು ಕೊಯ್ಯಲು ಇಟ್ಟುಕೊಂಡಿದ್ದ ಕುಡುಗೋಲು. ಅವಳು ಅದನ್ನು ಎತ್ತಿಕೊಂಡು ಹಗ್ಗದ ಮೇಲೆ ಇಟ್ಟಳು. ಅಲ್ಲಿಂದ ಮುಂದೆ ಕೈ ನಡೆಯಲಿಲ್ಲ.

ಹಗ್ಗ ಕೊಯ್ದರೆ ಬಲೆ ಹೋಗುತ್ತದೆ. ಬಲೆ ಹೋದರೆ ತೆಪ್ಪವನ್ನು ಹಿಡಿಯುವುದು ಏನೂ ಇರುವುದಿಲ್ಲ, ಗಾಳಿ ನೇರ ಅವುಗಳ ಬಳಿಗೇ ತಳ್ಳುತ್ತದೆ. ಕೊಯ್ಯದಿದ್ದರೆ ತೆಪ್ಪ ಮಗುಚುತ್ತದೆ. ಎರಡೂ ಅವಳಿಗೆ ತಿಳಿಯಾಗಿ ಕಾಣುತ್ತಿತ್ತು. ಹೆಣ್ಣಾನೆಯ ಹಣೆ, ಅದರ ಮೇಲಿನ ಗುಲಾಬಿ ಮಚ್ಚೆಗಳು, ಕಣ್ಣಿನ ಕೆಳಗೆ ಇಳಿದಿದ್ದ ಕೆಸರು, ಅಷ್ಟು ಹತ್ತಿರ. ಅಪ್ಪನೂ ಇದನ್ನೇ ನೋಡಿರಬೇಕು ಎನಿಸಿತು. ಅಪ್ಪನಿಗೂ ಕೈಕಾಲು ಹೀಗೇ ನಿಂತುಹೋಗಿರಬೇಕು.

“ಅನುಷಾ,” ಎಂದ ಕಾಳಯ್ಯ. ಕುರಿಮರಿಯನ್ನು ಕರೆಯುವಷ್ಟು ಸಣ್ಣ ದನಿ. “ನಾನಿಲ್ಲೇ ಇವ್ನಿ ಕಣವ್ವ. ಕುಯ್ಯಿ.”

ಅವಳು ಕೊಯ್ದಳು.

ಹಗ್ಗ ಪಟ್ಟನೆ ಬಿಟ್ಟುಕೊಂಡಿತು. ತೆಪ್ಪ ಮೇಲಕ್ಕೆ ನೆಗೆದು ಮತ್ತೆ ನೀರಿಗೆ ಬಡಿಯಿತು. ಮರಿ ಹಳದಿ ಗುಂಡುಗಳನ್ನು ಎಳೆದುಕೊಂಡು ತಾಯಿಯ ಕಡೆ ಓಡಿತು, ಹಿಂದೆ ಬಿಳಿ ಬಲೆ ಬಾಲದಂತೆ ಹರಿದುಹೋಯಿತು. ತಾಯಿ ಸೊಂಡಿಲಿನಿಂದ ಮರಿಯ ಬೆನ್ನು ತಡವಿತು, ಹಗ್ಗವನ್ನು ಮೂಸಿತು. ಆಮೇಲೆ ತೆಪ್ಪದ ಕಡೆ ನೋಡಿ ಸೊಂಡಿಲನ್ನು ನೀರಿಗೆ ಒಮ್ಮೆ ಬೀಸಿ ಹೊಡೆಯಿತು. ಆ ನೀರೆಲ್ಲ ಇವರ ಮೇಲೆ ಬಿತ್ತು. ತೆಪ್ಪದೊಳಗೆ ಪಾದ ಮುಳುಗುವಷ್ಟು ನೀರಾಗಿ, ಚೀಲ, ಮೊದಲ ಸಲದ ಗಾಜಿನ ಜಾಡಿ ಎರಡೂ ತೇಲಾಡಿದವು. ಲೈಫ್ ಜಾಕೆಟ್ಟಿನ ಚೀಲ ಅವಳ ಕೈಗೆ ಎಟಕುವಷ್ಟರಲ್ಲೇ ಇತ್ತು. ಅವಳು ಜಾಡಿ ಹಿಡಿದುಕೊಂಡಳು.

ಆನೆಗಳು ಬಲೆಯ ಸುತ್ತ ಗುಂಪಾಗಿ ಎಡಕ್ಕೆ, ದಡದಲ್ಲಿದ್ದ ಬಂಡೆಯೊಂದರ ಕಡೆಗೆ ಸರಿದವು. ಕಾಳಯ್ಯ ಹೊಟ್ಟೆಯ ಮೇಲೆ ಮಲಗಿ ಎರಡೂ ಅಂಗೈಯನ್ನು ನೀರಿಗೆ ಬಿಟ್ಟು, ಸದ್ದಾಗದಂತೆ ತೆಪ್ಪವನ್ನು ಬಲಕ್ಕೆ ತಿರುಗಿಸುತ್ತ ಹೋದ. ಗಾಳಿಯೇ ಉಳಿದ ಕೆಲಸ ಮಾಡಿತು. ಹಳ್ಳ ಬಂದು ಕೆರೆಗೆ ಸೇರುವಲ್ಲಿ ಜೊಂಡು ಎತ್ತರಕ್ಕೆ ಬೆಳೆದಿತ್ತು. ತೆಪ್ಪ ಅದರೊಳಗೆ ನುಗ್ಗಿ ಕೆಸರಿಗೆ ಕಚ್ಚಿಕೊಂಡು ನಿಂತಿತು.

ಅಲ್ಲಿಂದ ಆನೆಗಳು ಕಾಣುತ್ತಿರಲಿಲ್ಲ. ಅವುಗಳ ಹೊಟ್ಟೆಯೊಳಗಿನ ಗುಡುಗು ಮಾತ್ರ ಕೇಳುತ್ತಿತ್ತು. ಕಾಣದಿರುವುದು ಇನ್ನೂ ಕಷ್ಟವಾಗಿತ್ತು. ಜೊಂಡು ಅಲುಗಿದಾಗಲೆಲ್ಲ ಅನುಷಾ ಚಿಕ್ಕಪ್ಪನ ಜುಬ್ಬವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ತುಂಬ ಹೊತ್ತಿನ ಮೇಲೆ ಏರಿಯ ಕಡೆಯ ಗದ್ದಲ ಇಳಿಯಿತು. ಅರಣ್ಯ ಇಲಾಖೆಯ ವಾಚರ್ ಮಹೇಂದ್ರ ಬಂದಿದ್ದ. ಅವನು ಬೈದು, ಕೊನೆಗೆ ಕೈಮುಗಿದು ಜನರನ್ನು ಏರಿಯಿಂದ ಇಳಿಸುತ್ತಿದ್ದುದು ಗಾಳಿಯಲ್ಲಿ ತುಂಡು ತುಂಡಾಗಿ ಕೇಳುತ್ತಿತ್ತು. ಪಟಾಕಿಯೂ ನಿಂತಿತು.

ಕಾಯುತ್ತ ಕೂತಾಗಲೇ ಅವಳು ಕೆಸರನ್ನು ಗಮನಿಸಿದ್ದು. ಕಪ್ಪು ಕೆಸರಿನ ಮೇಲೆಲ್ಲ ಬೆಳ್ಳಿ ಉಜ್ಜಿದಂತೆ ಹೊಳಪು. ಬೆರಳಿನಲ್ಲಿ ತೆಗೆದು ನೋಡಿದಳು. ಉಗುರಿನಷ್ಟು ತುಂಡು, ರಾಗಿಯಷ್ಟು ತುಂಡು, ಬೆರಳ ಗೆರೆಯೊಳಗೆ ಸೇರಿಹೋಗುವಷ್ಟು ಸಣ್ಣ ಪುಡಿ. ಒಂದು ಬದಿ ಬೆಳ್ಳಿ, ಇನ್ನೊಂದು ಬದಿ ಕಪ್ಪು. ಜೊಂಡಿನ ಬುಡ ಬುಡಕ್ಕೂ ಅದೇ ಮೆತ್ತಿಕೊಂಡಿತ್ತು. ಹಳ್ಳದ ನೀರು ಅದನ್ನು ಒಂದೇ ಸಮನೆ ತಂದು ಸುರಿಯುತ್ತಿತ್ತು.

ಕಾಳಯ್ಯ ಬಗ್ಗಿ ಅವಳ ಅಂಗೈ ನೋಡಿದ. ಅವನಿಗೆ ತಕ್ಷಣ ಗುರುತು ಸಿಕ್ಕಿತು.

“ನಮ್ ಟಮೋಟೋ ಮಲ್ಚಿಂಗ್ ಪೇಪರ್ರು,” ಎಂದು ಪಿಸುಗುಟ್ಟಿದ. “ಕಳೆ ಬರ್ದಂಗೆ ಮೇಗಡೆ ಹೊಲದೋರೆಲ್ಲ ಹಾಸ್ತೀವಲ್ಲ, ಆ ಪ್ಲಾಸ್ಟಿಕ್ಕು. ಬಿಸಿಲಿಗೆ ಲಡ್ಡಾಯ್ತದೆ. ಕಿತ್ತು ಬದೀಗೆ ಎಸೀತೀವಿ.”

ಜೊಂಡಿನಾಚೆ ಆನೆಯೊಂದು ಸೊಂಡಿಲಿಗೆ ನೀರು ಸೇದಿ ಬಾಯಿಗೆ ಬಿಟ್ಟುಕೊಳ್ಳುವ ಸದ್ದು ಕೇಳುತ್ತಿತ್ತು. ಮತ್ತೆ ಸೇದಿತು, ಮತ್ತೆ ಕುಡಿಯಿತು.

ಬಿಸಿಲು ಇಳಿಮುಖವಾದಾಗ ಹಿಂಡು ಬಂಡೆಯ ಪಕ್ಕದಿಂದ ಹತ್ತಿ ದುರ್ಗದ ಕಡೆ ಹೋಯಿತು. ಮಹೇಂದ್ರ ಫೋನ್ ಮಾಡಿ ಹೇಳಿದ. ಕಾಳಯ್ಯ ಕೆಸರಿಗೆ ಇಳಿದು, ಅವಳನ್ನು ಚಿಕ್ಕ ಮಗುವಿನಂತೆ ಕಂಕುಳಿಗೆ ಕೈಕೊಟ್ಟು ಎತ್ತಿ ದಡಕ್ಕೆ ಬಿಟ್ಟ. ಇಬ್ಬರೂ ದಡ ಹಿಡಿದು ಏರಿಗೆ ನಡೆದರು.

ಏರಿಯ ಮೇಲೆ ಅವಳ ಅವ್ವ ಮುನಿತಾಯಮ್ಮ ನಿಂತಿದ್ದಳು. ಯಾರದೋ ಫೋನಿನಲ್ಲಿ ವಿಡಿಯೊ ನೋಡಿ, ಕುರಿಗಳನ್ನು ಅಲ್ಲೇ ಬಿಟ್ಟು ಓಡಿ ಬಂದಿದ್ದಳು. ಮೂರು ವರ್ಷದಿಂದ ಅವಳು ಈ ಏರಿ ಹತ್ತಿರಲಿಲ್ಲ. ನಿಖಾತ್ ಅವಳ ಭುಜ ಹಿಡಿದುಕೊಂಡಿದ್ದಳು. ಯಾರು ಯಾರನ್ನು ಹಿಡಿದಿದ್ದಾರೆಂದು ಹೇಳುವಂತಿರಲಿಲ್ಲ. ಮುನಿತಾಯಮ್ಮ ಅಳಲಿಲ್ಲ, ಮಗಳನ್ನು ತಬ್ಬಿಕೊಳ್ಳಲೂ ಇಲ್ಲ. ತಲೆಯಿಂದ ಕಾಲಿನವರೆಗೆ ಒಮ್ಮೆ ಸವರಿ ನೋಡಿದಳು. ಆಮೇಲೆ ಅವಳ ಕೈಯಲ್ಲಿದ್ದ ಜಾಡಿ ಕಂಡಿತು.

“ಇದಕ್ಕಾ ಸಾಯಕ್ಕೋಗಿದ್ದೆ?”

ಅನುಷಾ ಜಾಡಿ ಕೊಟ್ಟಳು. ಮುನಿತಾಯಮ್ಮ ಅದನ್ನು ಇಳಿಬಿಸಿಲಿಗೆ ಎತ್ತಿ ಹಿಡಿದಳು. ಪಾಚಿಯ ನಡುವೆ ಬೆಳ್ಳಿ ಚೂರುಗಳು ಮಿಣಮಿಣ ಎಂದು ಮೇಲೆ ಕೆಳಗೆ ಆಡುತ್ತಿದ್ದವು.

“ಇದು ಕೆರೆ ತುಂಬ ಐತಾ?”

“ಐತೆ ಅವ್ವ.”

“ನಾವು ಕುಡಿಯೋದು ಏರಿ ಕೆಳಗ್ಲ ಬಾವಿ ನೀರು. ಅದಕ್ಕೆ ಬಸಿಯೋದು ಈ ಕೆರೇದೇಯ.”

ಮಾಗಡಿಯಿಂದ ಹಿಡಿದು ಎಷ್ಟೋ ಊರಿನ ಬಾವಿ ನೀರನ್ನು ಅನುಷಾ ಶೋಧಿಸಿ ನೋಡಿದ್ದಳು. ಈ ಬಾವಿಗೆ ಬಾಟಲಿ ಇಳಿಸಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವಳೂ ತಾನಾಗಿ ನೆನೆಸಿಕೊಂಡಿರಲಿಲ್ಲ.

“ಊರೋರ ನೀರೆಲ್ಲ ನೋಡ್ತೀಯಂತೆ. ಇದನ್ನೂ ನೋಡು,” ಎಂದಳು ಮುನಿತಾಯಮ್ಮ. ಜಾಡಿ ಮಗಳ ಕೈಗೆ ಕೊಟ್ಟು ಕುರಿ ಹುಡುಕಿಕೊಂಡು ಹೊರಟಳು.

ಮಾರನೇ ದಿನ ಬಂಡೆಯ ಬಳಿ ಬಲೆ ಸಿಕ್ಕಿತೆಂದು ಮಹೇಂದ್ರ ತಂದುಕೊಟ್ಟ. ಜರಡಿ ಬಟ್ಟೆ ಸೀಳಿತ್ತು, ಆನೆಗಳು ಪೆಟ್ಟಿಗೆ ಮೇಲೆ ಕಾಲಿಟ್ಟು ಅದನ್ನು ಹಪ್ಪಳದಂತೆ ಚಪ್ಪಟೆ ಮಾಡಿದ್ದವು. ಎರಡನೇ ಸಲದ ಲೆಕ್ಕ ಅಲ್ಲಿಗೆ ಮುಗಿಯಿತು. ಹಿಂಡು ಎದ್ದುಹೋದ ಜಾಗದಲ್ಲಿ ಬಿದ್ದ ಲದ್ದಿಯಲ್ಲೂ ಬೆಳ್ಳಿ ಕಪ್ಪು ಚೂರು ಇವೆ, ಹಾಲಿನ ಕವರಿನ ಮೂಲೆಗಳೂ ಇವೆ ಎಂದು ಅವನು ಫೋಟೊ ತೋರಿಸಿದ.

ಉಳಿದದ್ದು ಒಂದು ಜಾಡಿ, ಮತ್ತು ಬಾವಿಯಿಂದ ಸ್ಟೀಲ್ ಬಕೆಟ್ಟಿನಲ್ಲಿ ಸೇದಿ ತುಂಬಿಸಿಕೊಂಡ ಗಾಜಿನ ಬಾಟಲಿಗಳು. ರಾಮನಗರದ ಲ್ಯಾಬಿನಲ್ಲಿ ನಿಖಾತ್ ಎರಡಕ್ಕೂ ಮದ್ದು ಹಾಕಿ, ಪಾಚಿ ಕಸ ಎಲ್ಲ ಕರಗಿಸಿ, ಉಪ್ಪಿನ ನೀರಿನಲ್ಲಿ ತೇಲಿಸಿ ಶೋಧಿಸಿದಳು. ಗಾಳಿಯಿಂದ ಬೀಳುವ ಎಳೆ ಲೆಕ್ಕಕ್ಕೆ ಸೇರದಿರಲೆಂದು ಪಕ್ಕದಲ್ಲಿ ಖಾಲಿ ಶೋಧಕ ಕಾಗದವೊಂದನ್ನೂ ತೆರೆದಿಟ್ಟಿದ್ದಳು. ಕೆರೆಯದನ್ನು ಇಬ್ಬರೂ ಬೇರೆ ಬೇರೆ ಎಣಿಸಿದರು. ಇಬ್ಬರ ಎಣಿಕೆಯೂ ಹೆಚ್ಚುಕಡಿಮೆ ಒಂದೇ ಬಂತು. ಈವರೆಗೆ ನೋಡಿದ ಯಾವ ಕೆರೆಯಲ್ಲೂ ಅಷ್ಟಿರಲಿಲ್ಲ.

“ಪೇಟೆ ನೀರು ಬಂದು ಸೇರೋ ಕೆರೇಲೂ ಇಷ್ಟಿರಲಿಲ್ವಲ್ಲ,” ಎಂದಳು ನಿಖಾತ್. “ಇನ್ನೊಂದು ಸಲ ಎಳೀದೆ ಹೇಳೋ ಹಾಗಿಲ್ಲ ಅನು. ಒಂದೇ ಜಾಡಿ ನಂಬ್ಕೊಂಡು ಬರೆಯಕ್ಕಾಗಲ್ಲ.”

“ಗೊತ್ತು.”

“ಬೇರೆ ಯಾರನ್ನಾದ್ರೂ ಕಳಿಸೋಣ. ನೀನು ಹೋಗಬೇಡ.”

ಅನುಷಾ ಬಾವಿಯ ನೀರಿನ ಕಾಗದವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಕಣ್ಣು ಇಡುವ ಮುಂಚೆ ಕೈ ಒರೆಸಿಕೊಂಡಳು, ಕೂದಲು ಬಿಗಿದಳು, ಕುರ್ಚಿ ಸರಿಮಾಡಿಕೊಂಡಳು. ತೆಪ್ಪದಲ್ಲಿ ಹಗ್ಗದ ಮೇಲೆ ಕುಡುಗೋಲು ಇಟ್ಟಾಗಿನಂತೆಯೇ ಬೆರಳು ನಿಂತುಹೋಗಿತ್ತು. ಆದರೆ ಇಲ್ಲಿ ಎದುರಿಗೆ ಬರುವಂಥದ್ದು ಏನೂ ಇರಲಿಲ್ಲ. ಫ್ಯಾನ್ ಇಲ್ಲದ ಕೋಣೆ, ಗಾಜು, ಒಂದು ಬಿಳಿ ವೃತ್ತ.

ನೋಡಿದಳು. ಮೊದಲು ಬರೀ ಬಿಳುಪು. ಕಾಗದ ಸರಿಸಿದಳು. ಒಂದು ನೀಲಿ ಎಳೆ, ಸುರುಳಿ ಸುತ್ತಿಕೊಂಡು ಮಲಗಿತ್ತು. ಇನ್ನೊಂದು ಕೆಂಪು. ಆಮೇಲೆ ಅಂಚು ಹರಿದ ಸಣ್ಣ ಬೆಳ್ಳಿ ಚೂರು. ಅದು ಯಾವುದೆಂದು ಬಣ್ಣ ನೋಡಿಯೇ ತಿಳಿಯಿತು. ಕಾಯಿಸಿದ ಸೂಜಿಯ ತುದಿಯನ್ನು ಹತ್ತಿರ ತಂದಾಗ ಅದು ಪ್ಲಾಸ್ಟಿಕ್ಕಿನಂತೆಯೇ ಮುದುಡಿಕೊಂಡಿತು. ಕೆರೆಯಷ್ಟಿರಲಿಲ್ಲ, ಅದಕ್ಕೆ ಹೋಲಿಸಿದರೆ ತೀರ ಕಡಿಮೆ. ಆದರೆ ಇತ್ತು. ಪಕ್ಕದ ಖಾಲಿ ಕಾಗದವನ್ನು ನಿಖಾತ್ ಎರಡು ಸಲ ನೋಡಿದಳು. ಅದರಲ್ಲಿ ಹತ್ತಿಯ ಒಂದು ಎಳೆ ಬಿಟ್ಟರೆ ಏನೂ ಇರಲಿಲ್ಲ.

ಆ ಭಾನುವಾರ ಊರಿಗೆ ಹೋದಾಗ ಅವಳು ಮೊದಲು ಹೇಳಿದ್ದು ಕಾಳಯ್ಯನಿಗೆ. ಅವನು ಟಮೋಟೋ ಸಾಲಿನ ನಡುವೆ ಕುಕ್ಕರುಗಾಲಿನಲ್ಲಿ ಕೂತು ಹಳೆಯ ಮಲ್ಚಿಂಗ್ ಪೇಪರಿನ ತುಂಡುಗಳನ್ನು ಹೆಕ್ಕಿ ಚೀಲಕ್ಕೆ ಹಾಕುತ್ತಿದ್ದ. ಮುಟ್ಟಿದರೆ ಅದು ಕೈಯಲ್ಲೇ ಪುಡಿಯಾಗುತ್ತಿತ್ತು. ಹೆಕ್ಕಿದ್ದಕ್ಕಿಂತ ಉದುರಿದ್ದೇ ಹೆಚ್ಚು.

“ಕುಡುದ್ರೆ ಏನಾಯ್ತದೆ?” ಎಂದು ಕೇಳಿದ.

“ಇನ್ನೂ ಸರಿಯಾಗಿ ಯಾರಿಗೂ ಗೊತ್ತಿಲ್ಲ ಚಿಕ್ಕಪ್ಪ. ರಕ್ತದಲ್ಲಿ ಸಿಕ್ಕೈತೆ ಅಂತಾರೆ. ಅದರಿಂದ ಏನಾಯ್ತದೆ ಅಂತ ಹುಡುಕ್ತಾವ್ರೆ.”

“ಇಷ್ಟು ಓದಿ ಗೊತ್ತಿಲ್ಲ ಅಂತೀಯಲ್ಲ.” ಅವನ ದನಿಯಲ್ಲಿ ಸಿಟ್ಟಿತ್ತು. ಅವಳು ತಲೆ ತಗ್ಗಿಸಿದ್ದು ಕಂಡು ಆ ಸಿಟ್ಟು ಇಳಿಯಿತು. “ಆನೆ ಬಂದ್ರೆ ಒಸಿ ಸದ್ದಾದ್ರೂ ಆಯ್ತದೆ,” ಎಂದು ಕೈಯಲ್ಲಿದ್ದ ಚೂರುಗಳನ್ನು ನೋಡುತ್ತ ಕೂತ. ಆಮೇಲೆ, “ಇನ್ನೊಂದ್ಸಲ ಬಲೆ ಎಳೀಬೇಕು ಅಂದ್ಯಲ್ಲ. ಯಾವತ್ತು?” ಎಂದ.

“ನಂಗೆ ಭಯ ಆಯ್ತದೆ.”

“ನಂಗೂ ಆಯ್ತದೆ. ರಾತ್ರಿ ಕಣ್ ಮುಚ್ಚಿದ್ರೆ ಅದೇ ಬತ್ತದೆ. ಗಾಳಿ ಇಲ್ದ ದಿನ ನೋಡ್ಕೊಂಡು ಹೋಗವ.”

ಅವ್ವನಿಗೆ ಎದುರು ನಿಂತು ಹೇಳಲು ಅವಳಿಂದ ಆಗಲಿಲ್ಲ. ಊಟ ಮಾಡಿದಳು, ಕುರಿಮರಿಗಳನ್ನು ನೋಡಿದಳು, ಹೇಳದೆಯೇ ಹಗಲು ಬಸ್ಸಿಗೆ ಹತ್ತಿದಳು. ಬಸ್ಸು ಕನಕಪುರ ದಾಟಿದ ಮೇಲೆ ಫೋನ್ ಮಾಡಿದಳು.

“ಬಾವಿ ನೀರು ನೋಡ್ದೆ ಅವ್ವ.”

“ಹೂಂ.”

“ಅದರಲ್ಲೂ ಐತೆ. ಕೆರೆಯಷ್ಟಿಲ್ಲ. ಕಮ್ಮಿ ಐತೆ. ಆದ್ರೆ ಐತೆ.”

ಆ ಕಡೆ ಮುನಿತಾಯಮ್ಮ ಫೋನ್ ಹೆಗಲಿಗೆ ಒತ್ತಿಕೊಂಡು ಏನೋ ಕೆಲಸ ಮಾಡುತ್ತಿದ್ದಳೆಂದು ಕಾಣುತ್ತದೆ. ಉಸಿರು ಹತ್ತಿರದಲ್ಲೇ ಕೇಳುತ್ತಿತ್ತು.

“ಬ್ಯಾರೆ ನೀರು ಎಲ್ಲೈತೆ ಹೇಳು,” ಎಂದಳು ಕೊನೆಗೆ.

ಎಲ್ಲಿದೆ ಎಂದು ಅನುಷಾ ಯೋಚಿಸಿದಳು. ಶುದ್ಧ ನೀರಿನ ಘಟಕದಿಂದ ತರುವ ಕ್ಯಾನಿನ ನೀರನ್ನು ನಿಖಾತ್ ಹಿಂದಿನ ತಿಂಗಳೇ ನೋಡಿದ್ದಳು, ಅದರಲ್ಲೂ ಇತ್ತು. ಅದನ್ನು ಅವಳು ಹೇಳಲಿಲ್ಲ. “ಸಣ್ಣ ಬಟ್ಟೇಲಿ, ಹತ್ತಿ ಬಟ್ಟೇಲಿ, ನಾಕು ಮಡಿಕೆ ಮಾಡಿ ಸೋಸು. ಒಸಿ ಕಮ್ಮಿ ಆಗ್ಬೋದು,” ಎಂದಳು.

“ಪೂರ್ತಿ ಹೋಯ್ತದಾ?”

“ಇಲ್ಲ ಅವ್ವ.”

“ಸರಿ. ಇದ್ದದ್ದು ಹೇಳ್ದೆಯಲ್ಲ.”

ಫೋನಿನಲ್ಲಿ ಕೊಡದಿಂದ ನೀರು ಬಗ್ಗಿಸುವ ಸದ್ದು ಕೇಳಿತು. ಸಂಜೆಯ ಅಡಿಗೆಗೆ ಅದೇ ಬಾವಿ ನೀರನ್ನು ಗುಡಾಣಕ್ಕೆ ತುಂಬಿಸುತ್ತಿದ್ದಳು. ಅನುಷಾ ಫೋನ್ ಇಡಲಿಲ್ಲ; ಅವ್ವನೂ ಇಡಲಿಲ್ಲ. ಗುಡಾಣ ತುಂಬುವವರೆಗೆ ಅವಳು ಬಸ್ಸಿನ ಕಿಟಕಿಗೆ ತಲೆ ಆನಿಸಿ ಆ ಸದ್ದನ್ನು ಕೇಳುತ್ತ ಕೂತಿದ್ದಳು.